ಎಡಗಿವಿಯ ಕಚ್ಚು

ರೊಪ್ಪ ಖಾಲಿ ಬಿದ್ದರೆ ಹಾವು ಸೇರುತ್ತದೆ ಎಂದು ಹೇಳುತ್ತಲೇ ಇದ್ದೆ. ಹಾವಿಗಿಂತ ಮೊದಲು ನಾಯಿ ಸೇರಿತು.

ಊರಂಚಿನಲ್ಲಿರುವ ನಮ್ಮ ಕುರಿ ರೊಪ್ಪಕ್ಕೆ ಎದೆಮಟ್ಟದ ಕಲ್ಲುಗೋಡೆ, ಮೂಲೆಯಲ್ಲೊಂದು ಹುಣಸೆಮರ. ಗಂಡ ಹೋದ ಮೇಲೆ ಕುರಿಗಳನ್ನು ಮಾರಿಬಿಟ್ಟಿದ್ದೆವು. ಅಮರಾಪುರದ ರಸ್ತೆಯಲ್ಲಿ ಯಾವುದೋ ಬೈಕಿಗೆ ಸಿಕ್ಕಿ ಹಿಂಗಾಲು ಮುರಿದುಕೊಂಡ ಕೆಂಚು ನಾಯಿಯೊಂದು ಅದರೊಳಕ್ಕೆ ತೆವಳಿಕೊಂಡು ಬಂದು ಮಲಗಿತ್ತು. ನಾನು ಕೋಲು ಹುಡುಕಿದೆ. ಅಂಗನವಾಡಿಯಲ್ಲಿ ಕೆಲಸ ಮಾಡುವ ನನ್ನ ಸೊಸೆ ಆಟೋ ಹುಡುಕಿದಳು. ಆಟೋ ಮೊದಲು ಸಿಕ್ಕಿತು.

ಕಾಲು ಕೂಡಿಕೊಂಡ ಮೇಲೂ ಅದು ಹೋಗಲಿಲ್ಲ. ಅದರ ಹಿಂದೆ ಬೆನ್ನು ಹುಣ್ಣಾದ ಕತ್ತೆ ಬಂತು, ಕುರುಡು ಬೆಕ್ಕು ಬಂತು, ಇನ್ನಷ್ಟು ನಾಯಿಗಳು ಬಂದವು. ನಾನು ಪ್ರಾಣಿಗಳನ್ನು ಮಡಿಲಲ್ಲಿಟ್ಟುಕೊಂಡು ಮುದ್ದಾಡುವವಳಲ್ಲ. ಕುರಿ ಸಾಕಿದವರಿಗೆ ಆ ಚಾಳಿ ಇರುವುದಿಲ್ಲ; ಸಾಕಿದ್ದನ್ನೇ ಹಬ್ಬಕ್ಕೆ ಕೊಯ್ದು ತಿಂದವರು ನಾವು. ಆದರೆ ಬೆಳಗೆದ್ದು ಮುಳ್ಳಿನ ಬಾಗಿಲು ಸರಿಸಿದರೆ ಒಳಗಿಂದ ಒಂದೇ ಸಲ ಎದ್ದು ಬರುವ ಗದ್ದಲ ಇದೆಯಲ್ಲ, ಅದಕ್ಕೆ ನನ್ನ ಮಂಡಿನೋವು ಮರೆತುಹೋಗುತ್ತಿತ್ತು. "ಇದನ್ನ ಟ್ರಸ್ಟ್ ಮಾಡಾನ ಅತ್ತೆ" ಎಂದು ಸೊಸೆ ಅಂದದ್ದೇ ತಡ, ಪೆಟ್ಟಿಗೆಯಲ್ಲಿದ್ದ ಹೊಸ ಸೀರೆ ಉಟ್ಟು ಮಡಕಶಿರಾ ಬಸ್ಸು ಹತ್ತಿದೆ.

ನಮ್ಮದು ಆಂಧ್ರದೊಳಗಿನ ಕನ್ನಡದ ಸೀಮೆ. ನೋಂದಣಿ ಆಫೀಸಿನವನು ತೆಲುಗಿನಲ್ಲಿ, ಇದರಿಂದ ನಿನಗೇನು ಲಾಭ ಅವ್ವಾ ಎಂದು ಕೇಳಿದ. ಲಾಭ ಇಲ್ಲ ಎಂದೆ. ಹಾಗಾದರೆ ನಷ್ಟಕ್ಕೆ ಮಾಡುತ್ತೀಯಾ ಎಂದ. ಮೊಮ್ಮಕ್ಕಳನ್ನು ಸಾಕಿದ್ದು ಯಾವ ಲಾಭಕ್ಕೆ ಎಂದು ನಾನೂ ತೆಲುಗಿನಲ್ಲೇ ಕೇಳಿದೆ. ನಕ್ಕು, ಎಲ್ಲಿ ಸಹಿ ಹಾಕಬೇಕೆಂದು ತೋರಿಸಿದ.

ಊರಿನಲ್ಲಿ ಅಷ್ಟು ಸುಲಭವಾಗಲಿಲ್ಲ. ರೊಪ್ಪದ ಸುತ್ತಮುತ್ತಲೂ ಕುರಿ ಮೇಯುತ್ತವೆ. ಕುರಿಯವರಿಗೆಲ್ಲ ಹಿರಿಯ ನನ್ನ ಮೈದುನ. ಗಂಡನ ಒಡಹುಟ್ಟಿದವನಲ್ಲ, ವರಸೆಯಲ್ಲಿ ಮೈದುನ. ಬಂದವನು ಒಳಗೆ ಕಾಲಿಡದೆ ಗೋಡೆಯಾಚೆಯೇ ನಿಂತ.

"ಅತ್ತಿಗೆ, ವಯಸ್ಸಾಗಿ ನಿಂಗೆ ತಲೆ ಕೆಟ್ಟೈತೆ. ಕುರಿ ಮಗ್ಗುಲಾಗೆ ನಾಯಿ ಸಾಕ್ತಾರಾ?"

"ನಿಮ್ಮಪ್ಪ ಸಾಕಿರ್ಲಿಲ್ವಾ? ನಾಯಿ ಇಲ್ದೆ ಯಾವತ್ತು ಮಂದೆ ಹೊಡ್ಕಂಡು ಹೋದ?"

"ಅವು ನಮ್ ನಾಯಿ. ಇವು ಯಾರವು? ದಿಕ್ಕಿಲ್ಲದವು. ಒಂದೇ ಒಂದು ಮರಿಗೆ ಬಾಯಿ ಹಾಕ್ಲಿ, ಆವತ್ತೇ ನೀನು ಬಾಗ್ಲು ಮುಚ್ಚಬೇಕು. ಒಪ್ಪಿದ್ರೆ ಇಟ್ಕೊ."

ಒಪ್ಪಿದೆ. ರೊಪ್ಪಕ್ಕೆ ಹೋಗುವ ದಾರಿಯೇ ಅವನ ಹೊಲದೊಳಗೆ ಇರುವಾಗ ಒಪ್ಪದೆ ಏನು ಮಾಡಲಿ?

ನಾಯಿಗಳಿಗೆ ಆಪರೇಷನ್ ಮಾಡಲು ರಾಯದುರ್ಗದಿಂದ ರಿಟೈರಾದ ದನದ ಡಾಕ್ಟರೊಬ್ಬರು ಬರತೊಡಗಿದರು. ನನ್ನ ತವರೂ ಅದೇ ಸೀಮೆಯ ಕಣೇಕಲ್ಲು ಕಡೆ. ಅವರು ಮಾತಾಡಿದರೆ ನನ್ನ ನಾಲಿಗೆಯೂ ತಾನೇ ತಾನಾಗಿ ಆ ಕಡೆ ಹೊರಳುತ್ತಿತ್ತು.

"ಅಮ್ಮಾರ, ರಕ್ತ ಕಂಡ್ರ ಕೈ ನಡುಗಂಗಿಲ್ಲಲ್ರಿ?"

"ಯಾಕ ನಡುಗ್ತಾವ್ರಿ? ಎಷ್ಟು ಕುರಿ ಬಾಣಂತನ ಮಾಡೀನಿ. ನೀವು ಕೊಯ್ರಿ, ನಾ ಹಿಡೀತೀನಿ."

ಕೆಲಸ ಇಷ್ಟೇ: ಬೀದಿನಾಯಿಗಳಿಗೆ ಮರಿಯಾಗದ ಹಾಗೆ ಮಾಡುವುದು, ಮಂಪರಿನಲ್ಲಿರುವಾಗಲೇ ಎಡಗಿವಿಯ ತುದಿಗೆ ಸಣ್ಣದೊಂದು ಕಚ್ಚು ಹಾಕುವುದು. ಆಪರೇಷನ್ ಆಗಿದೆ ಎಂದು ದೂರದಿಂದಲೇ ಗೊತ್ತಾಗಬೇಕಲ್ಲ. ಗಾಯ ಮಾಗಿದ ಮೇಲೆ ಹಿಡಿದ ಬೀದಿಗೇ ಬಿಟ್ಟುಬರುತ್ತಿದ್ದೆವು. ಕೈಲಾಗದವು ಮಾತ್ರ ರೊಪ್ಪದಲ್ಲಿ ಉಳಿಯುತ್ತಿದ್ದವು.

ಒಂದು ಬೆಳಗ್ಗೆ ಮೈದುನ ಬಂದ. ಕೈಯಲ್ಲಿ ಹಗ್ಗ, ಹಗ್ಗದ ತುದಿಗೆ ನಾವು ಬಿಟ್ಟುಬಂದಿದ್ದ ಕರಿ ನಾಯಿ, ಹಿಂದೆ ಇನ್ನಷ್ಟು ಕುರಿಯವರು. ನಾಯಿಯ ಮೂತಿಯೆಲ್ಲ ರಕ್ತ. ಮುಗಿಯಿತು, ಟ್ರಸ್ಟಿನ ಬೋರ್ಡಿನ ಬಣ್ಣ ಇನ್ನೂ ಒಣಗಿಲ್ಲ, ಅಷ್ಟರಲ್ಲೇ ಬಾಗಿಲು ಮುಚ್ಚುವ ಹಾಗಾಯಿತು ಎಂದುಕೊಂಡೆ.

"ತಗೋ ಅತ್ತಿಗೆ, ನಿಮ್ ಮನೇದು."

"ಏನ್ ತಿಂತು?"

"ಸತ್ತ ಮರಿ. ಹೊಟ್ಟೆ ಉಬ್ಬಿ ಸತ್ತಿತ್ತು, ಬೇಲಿಯಾಗೆ ಬಿಸಾಕಿದ್ದೆ. ಎಳ್ಕಂಡು ತಿಂತಿತ್ತು. ಇವ್ನು ಕಲ್ಲು ಎತ್ತಿದ. ನಾನು ಕಿವಿ ನೋಡ್ದೆ. ತಡಿಯೋ, ಅಣ್ಣನ ಮನೆ ಗುರುತು ಕಣೋ ಅಂದೆ."

ಆಗ ನನಗೆ ಹೊಳೆಯಿತು. ನಮ್ಮ ಕಡೆ ಒಂದೊಂದು ಮನೆಯ ಕುರಿಗೆ ಒಂದೊಂದು ಕಿವಿಗುರುತು. ಬಲಗಿವಿ ಸೀಳಿದ್ದರೆ ಮೈದುನನದು. ಎಡಗಿವಿಯ ತುದಿಗೆ ಕಚ್ಚು ಇದ್ದರೆ ನಮ್ಮದು. ತಪ್ಪಿಸಿಕೊಂಡ ಕುರಿಯನ್ನು ಯಾರೂ ಹೊಡೆಯುವ ಹಾಗಿಲ್ಲ, ಕಿವಿ ನೋಡಿ ಮನೆಗೆ ತಂದು ಕೊಡಬೇಕು. ಅದು ಮಾಡಿದ ಹಾಳಿಗೆ ಗುರುತಿನ ಮನೆಯವರೇ ಹೊಣೆ. ಡಾಕ್ಟರ ಕಚ್ಚನ್ನು ನೋಡಿ ಇವರು, ಕುರಿ ಮಾರಿದವಳು ಈಗ ನಾಯಿಮಂದೆ ಕಟ್ಟಿದ್ದಾಳೆ ಎಂದುಕೊಂಡಿದ್ದರು.

"ಮಾವ, ಅದು ಡಾಕ್ಟ್ರು..." ಎಂದು ಸೊಸೆ ಬಾಯಿ ತೆಗೆದಳು. ಅವಳ ಕಾಲು ತುಳಿದೆ.

ನಮ್ಮದಲ್ಲ ಎಂದರೆ ಮುಂದಿನ ಸಲ ಆ ಕಲ್ಲು ಬಿದ್ದೇ ಬೀಳುತ್ತದೆ. ನಮ್ಮದೇ ಎಂದರೆ ಸುತ್ತಲಿನ ಊರುಗಳಲ್ಲಿ ಕಿವಿ ಕೊಯ್ಸಿಕೊಂಡ ಅಷ್ಟೂ ನಾಯಿಗಳ ಪಾಪ ನನ್ನ ತಲೆಗೆ. ಒಂದು ಮರಿ ಕಚ್ಚಿದರೂ ರೊಪ್ಪ ಹೋಯಿತು.

"ಹೌದು, ನಮ್ಮದೇ," ಎಂದೆ. ಸುಳ್ಳೇನಲ್ಲ. ನಮ್ಮ ರೊಪ್ಪದಲ್ಲಿ, ನಾನೇ ಹಿಡಿದು ಕೊಯ್ಸಿದ ಕಿವಿ.

"ಅಂಗಾದ್ರೆ ನಾಳೆ ಇದು ಬದುಕಿರೋ ಮರಿನೇ ಕಚ್ಚಿದ್ರೆ?" ಹಿಂದಿದ್ದವನೊಬ್ಬ ಕೇಳಿದ.

ನಾನು ಬಾಯಿ ಬಿಡುವ ಮೊದಲೇ ಮೈದುನ ಅವನ ಕಡೆ ತಿರುಗಿದ. "ಕಚ್ಚಿದ್ರೆ ಅತ್ತಿಗೆ ಬೇರೆ ಮರಿ ಕೊಡ್ತಾಳೆ. ನಿನ್ ಕುರಿ ನನ್ ಕಡ್ಲೇಕಾಯಿ ಹೊಲ ಮೇಯ್ದಾಗ ನಿನ್ ರೊಪ್ಪ ಮುಚ್ಚಿಸಿದ್ನೇನೋ?"

ನನ್ನ ಬಾಯಿ ಸುಮ್ಮನಿರಲಿಲ್ಲ. "ಮುಚ್ಚು ಅಂದಿದ್ದೋನು ನೀನೇ ಅಲ್ವೇನಪ್ಪ?"

"ಅವತ್ತು ದಿಕ್ಕಿಲ್ಲದವು ಅಂತ ಅಂದೆ. ಈಗ ಗುರುತೈತಲ್ಲ," ಎಂದು ಹಗ್ಗವನ್ನು ನನ್ನ ಕೈಗೆ ತುರುಕಿ ಹೋದ.

ಅಂದು ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಡಾಕ್ಟರಿಗೆ ಫೋನು ಮಾಡಿ, ಇನ್ನು ಒಂದು ನಾಯಿಯನ್ನೂ ಬಿಡಬ್ಯಾಡ್ರಿ, ಎಲ್ಲಕ್ಕೂ ಕಚ್ಚು ಹಾಕ್ರಿ ಎಂದು ಕೂಗಿದೆ. "ಯಾಕ್ರಿ ಅಮ್ಮಾರ, ಏನಾತ್ರಿ?" ಎಂದರು. ಹೇಳಿದೆ. ಬಹಳ ಹೊತ್ತು ನಕ್ಕರು.

ಈಗ ಜನ ತಾವಾಗಿಯೇ ನಾಯಿ ತರುತ್ತಾರೆ, "ಇದಕ್ಕೂ ನಿಮ್ ಗುರುತು ಹಾಕಮ್ಮ" ಎನ್ನುತ್ತಾರೆ. ಮೊನ್ನೆ ಮೈದುನನೇ ಗೋಣಿಚೀಲದಲ್ಲಿ ತನ್ನ ಹೆಣ್ಣುನಾಯಿಯನ್ನು ಹೊತ್ತು ತಂದ. ಈ ಸಲ ಗೋಡೆ ದಾಟಿ ಒಳಗೇ ಬಂದ.

"ಇದಕ್ಕೂ ಆಪರೇಷನ್ ಮಾಡ್ಸು ಅತ್ತಿಗೆ. ಆದ್ರೆ ಬಲಗಿವಿ ಸೀಳ್ಸು."

"ಡಾಕ್ಟ್ರು ಎಡಗಿವಿನೇ ಕೊಯ್ಯೋದು. ಕಚ್ಚು ಬಿದ್ರೆ ನಾಯಿ ನಂದಾಗ್ತದೆ. ಯೋಚ್ನೆ ಮಾಡು."

ಚೀಲ ಹಿಡಿದು ನಿಂತೇ ಯೋಚನೆ ಮಾಡತೊಡಗಿದ. ಚೀಲದೊಳಗಿನದು ಬೊಗಳಿತು, ರೊಪ್ಪದವೆಲ್ಲ ತಿರುಗಿ ಬೊಗಳಿದವು, ಕತ್ತೆಯೂ ದನಿಗೂಡಿಸಿತು. ನಾನು ಡಾಕ್ಟರ ಕತ್ತರಿ ಕುದಿಸುವ ನೀರಿಗೆ ಒಲೆ ಹೊತ್ತಿಸಿದೆ.