ಸ್ಟೇಷನ್ ಮಾಸ್ತರರ ತಂಗಿಯ ಮದುವೆ

"ಬಿಡುವಿದ್ದಾಗ ಎಂತ ಮಾಡ್ತೀರಿ ಟೀಚರ್?" ಎಂದು ಯಾರಾದರೂ ಕೇಳಿದರೆ "ಓದುತ್ತೇನೆ" ಅನ್ನುವುದು ಮರ್ಯಾದಸ್ಥರ ಉತ್ತರ. ನಾನು "ಟಿವಿ ನೋಡುತ್ತೇನೆ" ಅನ್ನುತ್ತೇನೆ. ಕೇಳಿದವರು ಪಾಪ, ನನ್ನ ಮಾನ ಕಾಯಲು ಓಡಿ ಬರುತ್ತಾರೆ: "ವಾರ್ತೆ ಅಲ್ವಾ?" ಅಲ್ಲ ಸ್ವಾಮಿ, ಧಾರಾವಾಹಿ. ಅದರಲ್ಲೂ ಒಂದು ಪುಟ್ಟ ಊರು ಇರಬೇಕು, ಊರು ತುಂಬ ಅರೆಹುಚ್ಚರಿರಬೇಕು, ಹೇಳಿಕೊಳ್ಳುವಂಥದ್ದು ಎಂತದೂ ನಡೆಯಬಾರದು. ನಾಚಿಕೆ ಇಲ್ಲವೇ ಎಂದರೆ, ಇಲ್ಲ.

ಈ ಚಟ ಹತ್ತಿದ್ದು ಎಂಬತ್ತರ ದಶಕದ ನಡುವಿನಲ್ಲಿ. ಕಾಪುವಿನ ಶಾಲೆಯೊಂದರಲ್ಲಿ ಹಿಂದಿ ಕಲಿಸುತ್ತಿದ್ದ ನಾನು ನನ್ನದೇ ಸಂಬಳದಲ್ಲಿ ಕಪ್ಪುಬಿಳುಪು ಟಿವಿ ತಂದೆ. ಮನೆಯಲ್ಲಿದ್ದವರು ಅಮ್ಮ ಮತ್ತು ನಾನು, ಇಬ್ಬರೇ. ಬಿದಿರಿನ ಗಳಕ್ಕೆ ಕಟ್ಟಿದ ಆಂಟೆನಾ ಕಡಲ ಗಾಳಿಗೆ ದಿಕ್ಕು ತಪ್ಪುತ್ತಿತ್ತು. ಸೀರೆ ಎತ್ತಿಕಟ್ಟಿ ಅದನ್ನು ತಿರುಗಿಸುವ ನನ್ನನ್ನು ರಸ್ತೆಯಲ್ಲಿ ಹೋಗುವ ನನ್ನ ವಿದ್ಯಾರ್ಥಿಗಳೆಲ್ಲ ನೋಡಿದ್ದಾರೆ. ನೋಡಲಿ.

ನನಗೆ ಚಟ ಹತ್ತಿಸಿದ ಹಿಂದಿ ಧಾರಾವಾಹಿಯ ಊರು ಉತ್ತರದ ಕಡೆಯದು. ಅರ್ಧ ಗಡ್ಡ ಹೆರೆದು, ತನ್ನ ಕಥೆ ಮುಗಿಯುವವರೆಗೆ ಇನ್ನರ್ಧ ಮುಟ್ಟದ ಕ್ಷೌರಿಕ. ಸೂಜಿ ಕಂಡರೆ ಬೆವರುವ ಕಂಪೌಂಡರ್. ಹೋದಲ್ಲೆಲ್ಲ ಛತ್ರಿ ಮರೆತು ಬರುವ ಪೋಸ್ಟ್‌ಮಾಸ್ಟರ್. ಇವರೆಲ್ಲರ ನಡುವೆ ಸ್ಟೇಷನ್ ಮಾಸ್ತರರ ತಂಗಿ, ಮೂವತ್ತು ದಾಟಿಯೂ ಮದುವೆಯಾಗದವಳು. ಪ್ಲಾಟ್‌ಫಾರ್ಮಿನ ಬದಿಯಲ್ಲಿ ಬದನೆ ಗಿಡ ನೆಟ್ಟುಕೊಂಡು, ತಡವಾಗಿ ಬಂದ ರೈಲಿಗೆ ಸೊಂಟದ ಮೇಲೆ ಕೈಯಿಟ್ಟು ಬಯ್ಯುವವಳು. ಕಾಪುವಿಗೆ ಆಗ ರೈಲೇ ಇರಲಿಲ್ಲ. ಆದರೂ ಅವಳು ಬಯ್ಯುವಾಗ ನಮಗೆಲ್ಲ ಒಳಗೊಳಗೇ ಹಿತವಾಗುತ್ತಿತ್ತು.

ನಾವೆಂದರೆ ಅಮ್ಮ, ಪಕ್ಕದ ಮನೆಯ ಲೂಸಿಬಾಯಿ ಮತ್ತು ಹಿತ್ತಿಲಾಚೆಯ ಗಿರಿಜಕ್ಕ. ಗಿರಿಜಕ್ಕ ತೊಡೆಯ ಮೇಲೆ ಬೀಡಿ ಕಟ್ಟುವ ಗೆರಸೆ ಇಟ್ಟುಕೊಂಡು, ಕೈಗಳನ್ನು ಅವುಗಳ ಪಾಡಿಗೆ ಬಿಟ್ಟು, ಕಣ್ಣನ್ನು ಮಾತ್ರ ಟಿವಿಗೆ ಕೊಡುತ್ತಿದ್ದರು. ಮೂವರಿಗೂ ಹಿಂದಿ ಬಾರದು. ಆದ್ದರಿಂದ ನಾನು ತುಳುವಿನಲ್ಲಿ ಅರ್ಥ ಹೇಳಬೇಕು. ಅನುವಾದ ಎಂದು ತಿಳಿಯಬೇಡಿ. ನನ್ನ ಅಪ್ಪ, ವೇಷ ಕಟ್ಟದೆ ಕೂತು ಮಾತಿನಲ್ಲೇ ಆಡುವ ತಾಳಮದ್ದಳೆಯಲ್ಲಿ ಅರ್ಥಧಾರಿ. ಭಾಗವತರು ನಾಲ್ಕು ಸಾಲಿನ ಪದ್ಯ ಹಾಡಿದರೆ ಅಪ್ಪ ಅದಕ್ಕೆ ಮುಕ್ಕಾಲು ಗಂಟೆ ಅರ್ಥ ಹೇಳಿ, ಪದ್ಯದಲ್ಲಿ ಇಲ್ಲದ್ದನ್ನೆಲ್ಲ ಹೇಳಿ, ಚಪ್ಪಾಳೆ ಗಿಟ್ಟಿಸುತ್ತಿದ್ದರು. ಅಪ್ಪ ತೀರಿಕೊಂಡ ಮೇಲೆ ಆ ಸ್ಥಾನ ಖಾಲಿ ಇತ್ತು. ಹೆಣ್ಣುಮಕ್ಕಳನ್ನು ಕರೆದು ಅಲ್ಲಿ ಕೂರಿಸುವವರು ಯಾರೂ ಇರಲಿಲ್ಲ. ನಾನು ಟಿವಿಯ ಪಕ್ಕದಲ್ಲಿ ಮಣೆ ಹಾಕಿ ಕೂತೆ.

ನನ್ನ ಅಕ್ಕನ ಗಂಡ, ಅಂದರೆ ಭಾವ, ಮಣಿಪಾಲದಲ್ಲಿ ಲೆಕ್ಚರರ್. ಮೊದಲು ಮುಂಬಯಿಯಲ್ಲಿದ್ದವರು, ಹಿಂದಿ ನೀರು ಕುಡಿದಷ್ಟು ಸುಲಭ. ಅವರಿಗೆ ಈ ಧಾರಾವಾಹಿ ಕಂಡರೆ ಉರಿ. "ಪೋಸ್ಟ್‌ಮಾಸ್ಟರ್ ಛತ್ರಿ ಕಳೆದುಕೊಂಡ, ಅರ್ಧ ಗಂಟೆ ಹುಡುಕಿದ, ಸಿಗಲಿಲ್ಲ. ಇದೆಂತ ಕಥೆ ಮಾರಾಯ್ತಿ?"

"ಸಿಕ್ಕಿದರೆ ಅದು ಸಿನೆಮಾ ಭಾವ."

ಅದನ್ನೇ ಇಂದಿಗೂ ಹೇಳುತ್ತೇನೆ. ಸಿನೆಮಾದಲ್ಲಿ ನಾಯಕ ನಾಯಕಿ ಬಿಟ್ಟರೆ ಉಳಿದವರೆಲ್ಲ ಹುಟ್ಟಿರುವುದು ಆ ಇಬ್ಬರಿಗೆ ಚಾ ತಂದುಕೊಡಲು. ಪುಟ್ಟ ಊರಿನ ಕಥೆಯಲ್ಲಿ ಹಾಗಲ್ಲ. ಈ ವಾರ ಮೂಲೆಯಲ್ಲಿ ಕೆಮ್ಮುತ್ತ ಕೂತವನು ಮುಂದಿನ ವಾರ ನಡುಮನೆಗೆ ಬರುತ್ತಾನೆ. ತಾಳಮದ್ದಳೆಯಲ್ಲೂ ಅಷ್ಟೇ ತಾನೇ? ಸಂಧಾನಕ್ಕೆ ಬಂದ ಬರೀ ದೂತ, ಮನಸ್ಸು ಮಾಡಿದರೆ ಚಕ್ರವರ್ತಿಯ ಬೆವರಿಳಿಸಬಲ್ಲ. ಮಣಿಪಾಲದಿಂದ ಬರುವವರು ಕಾಪುವಿನ ಲೈಟ್‌ಹೌಸಿಗೆ ಬೆನ್ನು ಕೊಟ್ಟು ಫೋಟೋ ತೆಗೆಸಿಕೊಂಡು ಹೋಗುತ್ತಾರೆ, ಲೂಸಿಬಾಯಿಯನ್ನು ಕೇಳಿದವರಿಲ್ಲ. ಕೇಳಿದ್ದರೆ, ಅವರು ಕೋಳಿಗಳಿಗೆ ಗಲ್ಫಿನಲ್ಲಿರುವ ಮೈದುನಂದಿರ ಹೆಸರಿಟ್ಟು ದಿನಾ ಬೆಳಿಗ್ಗೆ ಗದರುವುದು ತಿಳಿಯುತ್ತಿತ್ತು.

ಭಾವನಿಗೆ ಇನ್ನೊಂದು ಉರಿ ಇತ್ತು. ಅದು ನಾನು. ಮೂವತ್ತನಾಲ್ಕಾಗಿತ್ತು ನನಗೆ. ಕಾರ್ಕಳದ ಹತ್ತಿರದ ಕುಕ್ಕುಂದೂರಿನ ಒಂದು ಸಂಬಂಧ ತಂದಿದ್ದರು. ವರ ಕೆಟ್ಟವರೇನಲ್ಲ. ಆದರೆ ಮದುವೆಯಾದ ಮೇಲೆ ಶಾಲೆ ಬಿಡಬೇಕು, ಮನೆ ನೋಡಿಕೊಳ್ಳಬೇಕು. ನಾನು ಬೇಡ ಎಂದೆ. ಭಾವ ಅದನ್ನು ನಾಚಿಕೆ ಎಂದು ತಿಳಿದರು. ಅಮ್ಮ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಆ ಕಾಲದಲ್ಲಿ ನನ್ನ "ಬೇಡ"ಕ್ಕೆ ಬೆಲೆ ಬರಬೇಕಾದರೆ ಅಮ್ಮನ ಬಾಯಿಂದಲೂ ಅದು ಬರಬೇಕಿತ್ತು.

ಅಮ್ಮನ ಉತ್ತರ ಕೇಳಲು ಭಾವ ಬಂದ ದಿನವೇ ಧಾರಾವಾಹಿಯ ಕೊನೆಯ ಕಂತು. "ಇದೊಂದು ಮುಗಿಯಲಿ, ಕೂತುಕೊಳ್ಳಿ" ಎಂದರು ಅಮ್ಮ. ಭಾವ ಕುರ್ಚಿಯಲ್ಲಿ ಚಡಪಡಿಸುತ್ತ ಕೂತರು.

ನೋಡಿದರೆ, ಆ ಊರಿನಲ್ಲೂ ಅದೇ ರಾಮಾಯಣ! ಸ್ಟೇಷನ್ ಮಾಸ್ತರರ ತಂಗಿಗೆ ಒಂದು ಸಂಬಂಧ ಬಂದಿದೆ. ಅವಳು ನಮಗೆ ಬೆನ್ನು ಹಾಕಿ ಬದನೆ ಗಿಡಕ್ಕೆ ನೀರು ಹಾಕುತ್ತಿದ್ದಾಳೆ. ಅಣ್ಣ ಕೇಳುತ್ತಾನೆ. ಅವಳು ತಿರುಗದೆ, ಸಣ್ಣ ದನಿಯಲ್ಲಿ, ಶುದ್ಧ ಹಿಂದಿಯಲ್ಲಿ ಹೇಳಿದಳು: ನಿಮ್ಮೆಲ್ಲರ ಇಷ್ಟದಂತೆ ಆಗಲಿ.

ನನಗೆ ಮೈಯೆಲ್ಲ ಉರಿದುಹೋಯಿತು. ವಾರವಾರವೂ ರೈಲಿಗೇ ಹೆದರದವಳು!

"ಎಂತ ಹೇಳಿದಳು?" ಗಿರಿಜಕ್ಕನ ಕೈ ಮೊದಲ ಸಲ ನಿಂತಿತ್ತು.

ನಾನು ಅರ್ಥ ಹೇಳಿದೆ. "ಅಣ್ಣಾ, ನಾನು ನೆಟ್ಟ ಗಿಡ ಇಲ್ಲಿ ಉಂಟು, ನನ್ನ ಕೆಲಸ ಇಲ್ಲಿ ಉಂಟು. ನಾನು ಯಾರಿಗೂ ಭಾರವಾಗಿಲ್ಲ. ನನಗೆ ಈ ಮದುವೆ ಬೇಡ. ಇದು ನಾಚಿಕೆಯಲ್ಲ, ಉತ್ತರ."

"ಸರಿಯಾಗಿ ಹೇಳಿದಳು ನೋಡಿ!" ಎಂದರು ಲೂಸಿಬಾಯಿ.

"ಹಾಗೆ ಹೇಳಲೇ ಇಲ್ಲ! ಅವಳು ಒಪ್ಪಿದಳು!" ಭಾವ ಎದ್ದೇ ನಿಂತರು.

"ಅರ್ಥ ಹೇಳುವಾಗ ನಡುವೆ ಬಾಯಿ ಹಾಕಬಾರದು ಭಾವ," ಎಂದೆ. "ಹೌದು, ನಮಗೆ ಕೇಳುವುದಿಲ್ಲ" ಎಂದು ಗಿರಿಜಕ್ಕ ಅವರನ್ನು ಕೂರಿಸಿದರು.

ಅಷ್ಟರಲ್ಲಿ ಶಹನಾಯಿ ಶುರುವಾಯಿತು. ಕೆಟ್ಟೆ ಅಂದುಕೊಂಡೆ. ಮಂಟಪ, ಹೂವಿನ ಮಾಲೆ, ಊರಿಗೆ ಊರೇ ಸೇರಿದೆ. ಆದರೆ ಆ ಕಡೆಯವರ ಪದ್ಧತಿ ನನ್ನನ್ನು ಉಳಿಸಿತು. ಮದುಮಗಳ ಮುಖದ ಮೇಲೆ ಎದೆಯವರೆಗೂ ಮುಸುಕು.

"ಇದು ಯಾರ ಮದುವೆ ಟೀಚರ್?" ಲೂಸಿಬಾಯಿ ಕೇಳಿದರು.

"ಪೋಸ್ಟ್‌ಮಾಸ್ಟರನ ಮಗಳದ್ದು."

"ಅವನಿಗೆ ಮಗಳುಂಟಾ?"

"ಛತ್ರಿಯನ್ನೇ ಮರೆಯುವ ಮನುಷ್ಯ. ಮಗಳ ವಿಷಯ ನಮಗೆ ಹೇಳಲು ಮರೆತಿರಬೇಕು."

ಪುಟ್ಟ ಊರಿನ ಕಥೆಗಳನ್ನು ನಾನು ಯಾಕೆ ಬಿಟ್ಟುಕೊಡುವುದಿಲ್ಲ ಎಂದು ಈಗ ತಿಳಿಯಿತಲ್ಲ? ಸಿನೆಮಾದಲ್ಲಿ ಇರುವವಳು ಒಬ್ಬಳೇ ನಾಯಕಿ. ಕೊನೆಗೆ ಅವಳಿಗೇ ತಾಳಿ ಕಟ್ಟದೆ ಗತಿಯಿಲ್ಲ. ಊರಿದ್ದರೆ ಮದುವೆಗೆ ಬೇರೆ ಯಾರಾದರೂ ಸಿಗುತ್ತಾರೆ. ಒಬ್ಬಳು ಬದನೆ ಗಿಡಕ್ಕೆ ನೀರು ಹಾಕಿಕೊಂಡು ಇದ್ದುಬಿಡಬಹುದು. ಅಷ್ಟು ಜಾಗ ಅಲ್ಲಿ ಉಂಟು.

ಟಿವಿ ಆರಿಸಿದೆ. ನೆರೆಯವರು ತೃಪ್ತಿಯಿಂದ ಹೊರಟರು. ಭಾವ ಗಂಟಲು ಸರಿಮಾಡಿಕೊಂಡು, "ಅತ್ತೆ, ಕುಕ್ಕುಂದೂರಿನವರಿಗೆ ಎಂತ ಹೇಳಲಿ?" ಎಂದರು.

"ಬೇಡ ಅಂತ ಹೇಳಿಬಿಡಿ," ಎಂದರು ಅಮ್ಮ. "ಕಾರ್ಕಳದ ಸುತ್ತ ಬೇರೆ ಹುಡುಗಿಯರು ಇಲ್ವಾ? ಇವಳು ಉತ್ತರ ಕೊಟ್ಟಾಗಿದೆ." ಭಾವ ನನ್ನನ್ನು ಒಮ್ಮೆ, ಟಿವಿಯನ್ನು ಒಮ್ಮೆ ದುರುಗುಟ್ಟಿ ನೋಡಿ, ಬಸ್ಸಿಗೆ ಹೊತ್ತಾಯಿತು ಎಂದು ಎದ್ದು ಹೋದರು.

ನಾನು ಗೆದ್ದ ಅರ್ಥಧಾರಿಯ ಗತ್ತಿನಲ್ಲಿ ಮಣೆ ಎತ್ತಿಡುತ್ತಿದ್ದೆ. ಅಮ್ಮ ಚಾಪೆ ಸುತ್ತುತ್ತ, ನನ್ನ ಕಡೆ ನೋಡದೆ ಹೇಳಿದರು:

"ಮುಸುಕು ಹಾಕಿದರೆ ನಡಿಗೆ ಬದಲಾಗುತ್ತದಾ ಮಗಾ? ಇಷ್ಟು ವಾರ ನೋಡಿದವಳು ನಾನು. ಮಂಟಪಕ್ಕೆ ಹೋದವಳು ಅವಳೇ." ಚಾಪೆಯನ್ನು ಗೋಡೆಗೆ ಒರಗಿಸಿದರು. "ಪಾಪ, ಅವಳಿಗೆ ಅರ್ಥ ಹೇಳುವವರು ಆ ಊರಿನಲ್ಲಿ ಯಾರೂ ಇರಲಿಲ್ಲ."