ರಾಜಕುಮಾರನ ಮನೆದೇವರು

ಗೆಳೆಯರೇ, ನಾನಿನ್ನೂ ಸುಧಾರಿಸಿಕೊಂಡಿಲ್ಲ. ಹಿರಿಯರು ಗೊತ್ತುಮಾಡಿದ ಮದುವೆಯ ಮೇಲೆ ನಾನು ಬರೆದ ಮಾಯಾಲೋಕದ ಕಾದಂಬರಿ ನಾಳೆ ಪ್ರಕಾಶಕರ ಕೈಸೇರಬೇಕು. ಕೊತ್ತತ್ತಿಯಿಂದ ಬಂದಿದ್ದ ಅತ್ತೆಗೆ ಬೆಳಿಗ್ಗೆ ಅದರ ಕಥೆ ಹೇಳಿದೆ. ಎರಡು ರಾಜ್ಯಗಳ ಯುದ್ಧ ನಿಲ್ಲಿಸಲು ಆಗುವ ಮದುವೆ ಅದು. ಯುದ್ಧದ ನಡುವೆ ಪ್ರೇಮಕ್ಕೂ ಜಾಗವಿರಲಿ ಎಂದು ರಾಜಕುಮಾರ, ರಾಜಕುಮಾರಿ ಇಬ್ಬರಿಗೂ ಒಂದೇ ಮನೆದೇವರನ್ನು ಕೊಟ್ಟು, ಆ ಗುಡಿಯಲ್ಲೇ ಹನ್ನೊಂದು ಅಧ್ಯಾಯ ಭೇಟಿ ಮಾಡಿಸಿದ್ದೆ.

ಅವರೆಕಾಯಿ ಸುಲಿಯುತ್ತಿದ್ದ ಅತ್ತೆಯ ಕೈ ನಿಂತಿತು. "ಥೂ! ಮನೆದೇವ್ರು ಒಂದೇ ಆದ್ರೆ ಅವ್ರಿಬ್ರೂ ಅಣ್ಣ ತಂಗಿ ಕಣಮ್ಮ!"

ನಾನು ಬೆಚ್ಚಿಬಿದ್ದೆ. "ಅತ್ತೆ, ಇದು ಮಾಯಾಲೋಕ. ಅಲ್ಲಿ ಕುದುರೆಗಳೇ ಹಾರುತ್ತವೆ."

"ಕುದ್ರೆ ಆರ್ಲಿ ಬುಡು. ಒಂದೇ ಮನೆದೇವ್ರಾದ್ರೆ ಯಾರವ್ವ ಎಣ್ಣು ಕೊಟ್ಟಾರು? ನಿನ್ನ ನೋಡಕ್ಕೆ ಬಂದಾಗ ನಿನ್ನ ಮಖ ನೋಡೋಕ್ ಮುಂಚೆ ನಿಮ್ಮಪ್ಪನ್ನ ಕೇಳಿದ್ದೇ ಅದು."

"ನಿಮ್ಮ ಮಗ ನನ್ನ ನೋಡಿ ಒಪ್ಪಲಿಲ್ವಾ?"

"ದೇವ್ರು ಬ್ಯಾರೆ ಅಂತ ಗೊತ್ತಾದ್ಮೇಲೆ ಅವುನ್ನ ಯಾರು ಕೇಳಿದ್ರು?"

ಹನ್ನೊಂದು ಅಧ್ಯಾಯಗಳನ್ನು ಹೇಗೋ ತಿದ್ದುತ್ತೇನೆ. ಇಪ್ಪತ್ತು ವರ್ಷದಿಂದ ಮೊದಲ ನೋಟದ ಪ್ರೇಮವೆಂದು ನಾನು ನಂಬಿಕೊಂಡಿರುವ ನಮ್ಮ ಕಥೆಯನ್ನು ಎಲ್ಲಿಂದ ತಿದ್ದಲಿ?