ಅಪ್ಪನ ಕೈ ಎತ್ತರ

ಅಪ್ಪ ಅಡುಗೆಮನೆಯ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದ ಆ ಸಂಜೆ ಮನೆ ತುಂಬ ಹಸಿ ಸುಣ್ಣದ ವಾಸನೆ. ಯುಗಾದಿ ಹತ್ತಿರ ಬಂದಿತ್ತು. ಬೆಳಗ್ಗೆಯಿಂದ ಸುಣ್ಣ ಬಳಿದು ಅಪ್ಪನ ಮುಂಗೈ, ಹುಬ್ಬು, ಕಿವಿಯ ಅಂಚು ಎಲ್ಲ ಬೆಳ್ಳಗಾಗಿದ್ದವು. ಕೊನೆಗೆ ಉಳಿದದ್ದು ಸ್ವಿಚ್ಚಿನ ಬೋರ್ಡಿನ ಸುತ್ತಲಿನ, ಅದರ ಕೆಳಗಿನ ಒಂದಿಷ್ಟು ಜಾಗ. ಅಲ್ಲಿ ಗೋಡೆಗೆ ಮೆತ್ತಿ ಒಣಗಿದ್ದ ರಾಗಿ ಹಿಟ್ಟನ್ನು ಚಾಕುವಿನ ಬೆನ್ನಿನಿಂದ ಕೆರೆಯುತ್ತ ಅಪ್ಪ, "ಲೇ, ಬಾ ಇಲ್ಲಿ. ಗೋಡೆಗೆ ಬೆನ್ನು ಕೊಟ್ಟು ನಿಂತ್ಕೊ" ಎಂದು ಅವ್ವನನ್ನು ಕರೆದ. ಒಲೆಯ ಮುಂದಿದ್ದ ಅವ್ವ ಸೆರಗಿಗೆ ಕೈ ಒರೆಸುತ್ತ ಬಂದು, ಫೋಟೊ ತೆಗೆಸಿಕೊಳ್ಳುವವಳ ಹಾಗೆ ಬಿಗಿಯಾಗಿ ನಿಂತಳು. "ನೆಟ್ಟಗೆ ನಿಂತ್ಕೊ, ಕುಗ್ಗಬ್ಯಾಡ" ಎಂದ ಅಪ್ಪ. "ಕುಗ್ಗಿಲ್ಲ ಕಣ್ರೀ, ಇರಾದೇ ಇಷ್ಟು" ಎಂದಳು ಅವ್ವ. ನಾನೂ ತಮ್ಮನೂ ಬಿದ್ದು ಬಿದ್ದು ನಕ್ಕೆವು. ಅಪ್ಪ ಅವಳ ಹೆಗಲ ಮಟ್ಟಕ್ಕೆ ಗೆರೆ ಎಳೆದು, "ಹಬ್ಬ ಕಳೀಲಿ. ರಜ ಬಂದ ದಿನ ಸ್ವಿಚ್ಚು ಇಲ್ಲಿಗಿಳಿಸ್ಬುಡ್ತೀನಿ" ಎಂದ. ಅವ್ವ ತಿರುಗಿ ಆ ಗೆರೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. "ಗೋಡೆ ಮ್ಯಾಲೆ ಬರ್ಕೊಟ್ಟಂಗಾಯ್ತು. ಇನ್ನು ತಪ್ಪಿಸ್ಕೊಳಂಗಿಲ್ಲ" ಎಂದಳು. ಆಮೇಲೆ ಮುದ್ದೆ, ಉಪ್ಸಾರು ಉಂಡು ಮಲಗಿದೆವು. ನಮ್ಮ ಮನೆಯ ಮಾಮೂಲಿ ದಿನಗಳಲ್ಲಿ ಅದೇ ಕೊನೆಯದು.

ಆ ಗೆರೆಯ ಕತೆ ಹೇಳಬೇಕಾದರೆ ಶಿವನಸಮುದ್ರದ ಕ್ವಾರ್ಟರ್ಸಿನಿಂದ ಹೇಳಬೇಕು. ಅಪ್ಪ ಅಲ್ಲಿ ಪವರ್ ಹೌಸಿನಲ್ಲಿ ವೈರ್‌ಮನ್. ನಾನೂ ತಮ್ಮನೂ ಹುಟ್ಟಿದ್ದು ಆ ಕ್ವಾರ್ಟರ್ಸಿನಲ್ಲೇ. ಹಗಲೂ ರಾತ್ರಿ ದೂರದಿಂದ ನೀರಿನ ಮೊರೆತ ಕೇಳಿಸುತ್ತಿತ್ತು, ಕರೆಂಟು ಹೋಯಿತು ಎಂಬ ಮಾತೇ ನಮಗೆ ಗೊತ್ತಿರಲಿಲ್ಲ. ಆದರೆ ಅದು ನಮ್ಮ ಮನೆಯಾಗಿರಲಿಲ್ಲ. ಗೋಡೆಗೆ ಮೊಳೆ ಹೊಡೆಯುವಂತಿಲ್ಲ ಎಂದು ಅಪ್ಪ ಬಹಳ ಕಟ್ಟುನಿಟ್ಟು. ಅವ್ವ ಕ್ಯಾಲೆಂಡರನ್ನು ಕಿಟಕಿಯ ಸರಳಿಗೆ ನೇತುಹಾಕುತ್ತಿದ್ದಳು. ಗಾಳಿ ಬೀಸಿದಾಗಲೆಲ್ಲ ದೇವರು ಹೊರಗೆ ಮುಖ ಮಾಡುತ್ತಿದ್ದ. "ನಮ್ದೂ ಅಂತ ಒಂದು ಗೋಡೆ ಆಗ್ಲಿ, ಮೊದ್ಲು ಒಂದು ಮೊಳೆ ಹೊಡೀತೀನಿ" ಎನ್ನುವುದು ಅವಳ ಮಾತಾಗಿತ್ತು. ಬಸರಾಳಿನ ತವರಿಗೆ ಹೋದಾಗಲೂ ಇದೇ ಮಾತು, ನೀರು ಹಿಡಿಯುವ ಕಡೆ ನಿಂತಾಗಲೂ ಇದೇ ಮಾತು.

ಕೊನೆಗೂ ಮಳವಳ್ಳಿಯಲ್ಲಿ ಒಂದು ಹಳೇ ಮನೆ ಸಿಕ್ಕಿತು. ಮಣ್ಣಿನ ಗೋಡೆ, ಮೇಲೆ ಹೆಂಚು, ನಡುವೆ ಸಣ್ಣ ತೊಟ್ಟಿ. ಹಿಂದೆ ಇದ್ದವರು ರೇಷ್ಮೆ ಸಾಕಿದ್ದವರು. ಬಾಗಿಲು ತೆರೆದ ಮೊದಲ ದಿನ ನಡುಮನೆಯಿಂದ ಒಣಗಿದ ಹಿಪ್ಪುನೇರಳೆ ಸೊಪ್ಪಿನ ವಾಸನೆ ಬಂದದ್ದು ಈಗಲೂ ಮೂಗಿನಲ್ಲಿದೆ. ಅಟ್ಟದ ಮೇಲೆ, ಹುಳುಗಳು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟೆಯೊಂದು ಬಿದ್ದಿತ್ತು. ಚಂದ್ರಂಕಿ ಅನ್ನುತ್ತಾರೆ ಅದಕ್ಕೆ. ಅವ್ವ ಅದನ್ನು ತೊಳೆದು ಬಿಸಿಲಿಗಿಟ್ಟು, ಸಂಡಿಗೆ ಒಣಗಿಸಲು ಇಟ್ಟುಕೊಂಡಳು. ಆಮೇಲೆ ಸುತ್ತಿಗೆ ತೆಗೆದುಕೊಂಡು, ಇಷ್ಟು ವರ್ಷ ಕಾದಿದ್ದ ಮೊಳೆ ಹೊಡೆದಳು. ಮೂರನೆಯ ಏಟಿಗೆ ಮೊಳೆಯೂ ಹಿಡಿ ಗಾತ್ರದ ಮಣ್ಣಿನ ಹೆಂಟೆಯೂ ಜೊತೆಯಾಗಿ ಕಾಲ ಬುಡಕ್ಕೆ ಬಿದ್ದವು. ಅವ್ವ ಸುತ್ತಿಗೆ ಹಿಡಿದುಕೊಂಡೇ ನಿಂತಳು. "ಅಲ್ಲಿ ಹೊಡೆಯಂಗಿರ್ಲಿಲ್ಲ, ಇಲ್ಲಿ ಹೊಡೆದ್ರೆ ನಿಲ್ಲಾಕಿಲ್ಲ. ಇದ್ಯಾವ ಮನೆ ತಂದ್ರೀ?" ಎಂದಳು. ಅಪ್ಪ ನಗುತ್ತ ಗೋಡೆಯಲ್ಲಿ ತೂತು ಮಾಡಿ ಮರದ ಬೆಣೆ ಕೂರಿಸಿ, ಸುತ್ತ ಗಾರೆ ಮೆತ್ತಿ, ಅದು ಒಣಗಿದ ಮೇಲೆ ಮೊಳೆ ಹೊಡೆಯಲು ಅವ್ವನಿಗೇ ಕೊಟ್ಟ. ಕ್ಯಾಲೆಂಡರು ಗೋಡೆಗೆ ಬಂತು. ಹಳೆಯ ಮನೆ ಕೊಂಡು ಸರಿಮಾಡಿದವರಿಗೆ ಈ ಸಂತೋಷ ಗೊತ್ತಿರುತ್ತದೆ. ಒಂದು ಮೂಲೆ ಸರಿಯಾದರೆ ಇಡೀ ಮನೆ ಸರಿಯಾದಂತೆ ಅನಿಸುತ್ತದೆ. ಮಾರನೆಯ ದಿನ ಇನ್ನೊಂದು ಮೂಲೆ ಉದುರುತ್ತದೆ.

ಅಪ್ಪ ರಜೆಯ ದಿನಗಳಲ್ಲೆಲ್ಲ ಆ ಮನೆಯ ಒಳಗೇ ಇರುತ್ತಿದ್ದ. ಒಂದು ವಾರ ನೆಲದ ಬಿರುಕು ಮುಚ್ಚಿದರೆ, ಇನ್ನೊಂದು ವಾರ ಒಡೆದ ಹೆಂಚು ಬದಲಿಸಿ ಕೈಯಾಡಿಸುವ ಕೆಲಸ. ಇದೆಲ್ಲಕ್ಕೂ ಬೇರೆಯವರ ಕೈ ಸೇರಿಸಿಕೊಳ್ಳುತ್ತಿದ್ದವನು ವೈರಿಂಗನ್ನು ಮಾತ್ರ ಯಾರಿಗೂ ಮುಟ್ಟಲು ಬಿಡಲಿಲ್ಲ. ಮರದ ಪಟ್ಟಿಯ ಮೇಲೆ ವೈರು ಎಳೆದು, ಕಪ್ಪು ಗುಂಡು ಸ್ವಿಚ್ಚುಗಳನ್ನು ತಾನೇ ಕೂರಿಸಿದ. ಎತ್ತರಕ್ಕೆ ಅವನ ಅಳತೆ ಒಂದೇ. ಗೋಡೆಯ ಮುಂದೆ ನಿಂತು, ಹಿಮ್ಮಡಿ ಎತ್ತದೆ ಕೈ ಮೇಲಕ್ಕೆ ಚಾಚುತ್ತಿದ್ದ. ಬೆರಳು ಮುಟ್ಟಿದ ಕಡೆ ಗುರುತು. ಅಪ್ಪ ಬಹಳ ಉದ್ದದ ಆಳು. ಹಾಗಾಗಿ ಮನೆಯ ಸ್ವಿಚ್ಚುಗಳೆಲ್ಲ ಜಂತೆಗೆ ಹತ್ತಿರವಾಗಿ ಹೋದವು. ಕ್ವಾರ್ಟರ್ಸಿನಲ್ಲಿ ಪಕ್ಕದ ಮನೆಯ ಮಗುವೊಂದು ಪ್ಲಗ್ಗಿನೊಳಗೆ ಸೂಜಿ ತೂರಿಸಿ ಕೈ ಸುಟ್ಟುಕೊಂಡಿದ್ದನ್ನು ಅವನು ಕಣ್ಣಾರೆ ಕಂಡಿದ್ದ. "ಮಣೆ ಮ್ಯಾಲೆ ಮಣೆ ಇಟ್ಟು ನಿಂತ್ರೂ ನಿಮ್ಗೆ ಎಟಕಬಾರ್ದು. ಕರೆಂಟು ಮುಖ ನೋಡಿ ಹಿಡಿಯಾಕಿಲ್ಲ ಕಣಮ್ಮಿ" ಎಂದು ನನಗೆ ಹೇಳುತ್ತಿದ್ದ. ಇಬ್ಬರು ಮಕ್ಕಳ ಅಳತೆಯನ್ನೂ ಲೆಕ್ಕ ಹಾಕಿದ್ದವನು ಹೆಂಡತಿಯ ಅಳತೆ ಮರೆತಿದ್ದ. ಅವ್ವ ಅವನ ಎದೆಯ ಮಟ್ಟಕ್ಕೂ ಬರುತ್ತಿರಲಿಲ್ಲ.

ಒಕ್ಕಲಾದ ಮೊದಲ ಸಂಜೆ ಅಪ್ಪ ಇನ್ನೂ ಕೆಲಸದಿಂದ ಬಂದಿರಲಿಲ್ಲ. ಅಡುಗೆಮನೆಗೆ ಇದ್ದದ್ದು ಗೂಡಿನಷ್ಟು ಸಣ್ಣ ಒಂದೇ ಕಿಟಕಿ. ಒಲೆಯ ಮೇಲೆ ಮುದ್ದೆಯ ಹಿಟ್ಟು ಬೇಯುತ್ತಿತ್ತು, ಕತ್ತಲಾಯಿತು. ಅವ್ವ ಗೋಡೆಯ ಹತ್ತಿರ ಹೋಗಿ ಕೈ ಚಾಚಿದಳು, ತುದಿಗಾಲಲ್ಲಿ ನಿಂತಳು, ಒಮ್ಮೆ ಹಾರಿಯೂ ನೋಡಿದಳು. ಕೊನೆಗೆ ಕೈಯಲ್ಲಿದ್ದ ಮುದ್ದೆಕೋಲನ್ನೇ ಎತ್ತಿ, ಅದರ ತುದಿಯನ್ನು ಸ್ವಿಚ್ಚಿನ ಮೂತಿಯ ಮೇಲಿಟ್ಟು ಕೆಳಕ್ಕೆ ಎಳೆದಳು. ಟಕ್. ದೀಪ ಹತ್ತಿತು. ಕೋಲಿಗೆ ಅಂಟಿದ್ದ ಹಿಟ್ಟು ಸ್ವಿಚ್ಚಿಗೂ ಗೋಡೆಗೂ ಹತ್ತಿತು. ಅಂದಿನಿಂದ ಅದೇ ರೂಢಿಯಾಯಿತು. ಆರಿಸುವುದು ಸುಲಭ, ಕೆಳಗಿನಿಂದ ತಳ್ಳಿದರೆ ಸಾಕು. ಹೊತ್ತಿಸಲು ಕೈಚಳಕ ಬೇಕಿತ್ತು. ದೀಪ ಹಚ್ಚುವ ಹೊತ್ತಿಗೆ ಅವ್ವ ಕೋಲು ಹಿಡಿದು ಅಡುಗೆಮನೆ, ನಡುಮನೆ, ಪಡಸಾಲೆ ಎಂದು ಒಂದು ಸುತ್ತು ಬರುತ್ತಿದ್ದಳು. ಟಕ್, ಟಕ್, ಟಕ್. ಹೊರಗೆ ಆಡುತ್ತಿದ್ದ ನಮಗೆ ಆ ಸದ್ದೇ ಒಳಗೆ ಬನ್ನಿ ಎಂಬ ಕರೆ. ಪಕ್ಕದ ಮನೆಯ ಗೌರಮ್ಮಕ್ಕ ಒಂದು ದಿನ ಇದನ್ನು ನೋಡಿ, "ಅಯ್ಯೋ ನಿನ್ನ! ಕರೆಂಟ್ಗೂ ಮುದ್ದೆ ತಿನ್ನುಸ್ತಾ ಇದ್ದೀಯೇನವ್ವಾ?" ಎಂದಳು. "ಮನೇಲಿರೋ ಎಲ್ಲಾರ್ಗೂ ಹಾಕ್ತೀನಿ, ಇದೊಂದು ಹೆಚ್ಚಾ?" ಎಂದಳು ಅವ್ವ. ಅಪ್ಪ ಇದಕ್ಕೂ ಒಂದು ನಿಯಮ ಮಾಡಿದ. ಕೋಲು ಒದ್ದೆ ಇರಬಾರದು, ಸೌಟು ಮುಟ್ಟಿಸಬಾರದು.

ನೆರೆಯವರ ಮುಂದೆ ನಗುತ್ತಿದ್ದ ಅವ್ವ ಒಳಗೊಳಗೆ ನಗುತ್ತಿರಲಿಲ್ಲ. ಒಂದು ಸಂಜೆ ಅಪ್ಪನ ಮುಂದೆ ತಟ್ಟೆ ಇಟ್ಟು, "ಕ್ವಾರ್ಟರ್ಸ್‌ನಾಗೆ ಗೋಡೆ ಬ್ಯಾರೆಯೋರ್ದು, ದೀಪನಾರ ಕೈಗೆ ಎಟಕ್ತಿತ್ತು. ಇಲ್ಲಿ ಗೋಡೆ ನಮ್ದು ಅಂತೀರಿ, ದೀಪ ಎಟಕಾಕಿಲ್ಲ. ಯಾರ ಮನೆ ಹಂಗಾದ್ರೆ ಇದು?" ಎಂದಳು. ಅಪ್ಪ ಮುದ್ದೆ ಮುರಿಯುವುದನ್ನು ನಿಲ್ಲಿಸಿ ಅವಳ ಮುಖ ನೋಡಿದ. "ನಿಂದೇ ಕಣೆ" ಎಂದ. ಮತ್ತೆ ಮುದ್ದೆಗೆ ಕೈ ಹಾಕುತ್ತ, "ಚಿಕ್ಕೋನಿಗೆ ಒಸಿ ಬುದ್ಧಿ ಬರ್ಲಿ, ಇಳಿಸ್ತೀನಿ" ಎಂದು ಸೇರಿಸಿದ. ಅವ್ವ ಅಪ್ಪನ ಮುಂದೆ ಮತ್ತೆ ಆ ಮಾತೆತ್ತಲಿಲ್ಲ, ತವರಿಗೆ ಹೋದಾಗ ಮಾತ್ರ ಹೇಳಿಕೊಳ್ಳುತ್ತಿದ್ದಳು. ತಮ್ಮ ಶಾಲೆಗೆ ಸೇರಿದ ವರ್ಷದ ಯುಗಾದಿಗೆ, ಅವಳು ಕೇಳದೆಯೇ, ಅಪ್ಪ ಪೆನ್ಸಿಲು ಹಿಡಿದು ಅವಳನ್ನು ಗೋಡೆಯ ಹತ್ತಿರ ಕರೆದದ್ದು.

ಗೆರೆ ಎಳೆದ ಮಾರನೆಯ ದಿನ ಅಪ್ಪ ಎಂದಿನಂತೆ ಊಟದ ಡಬ್ಬಿ ಹಿಡಿದು ಬಸ್ಸಿಗೆ ಹೋದ. ಬಸ್ಸಿನಲ್ಲೇ ಎದೆ ಹಿಡಿದುಕೊಂಡನಂತೆ. ಪಕ್ಕದಲ್ಲಿದ್ದವರು ಇಳಿಸಿ ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಮುಗಿದಿತ್ತು. ಮಧ್ಯಾಹ್ನಕ್ಕೆ ಅಪ್ಪನನ್ನು ತಂದು ಅವನೇ ಸುಣ್ಣ ಬಳಿದ ಪಡಸಾಲೆಯಲ್ಲಿ ಮಲಗಿಸಿದರು. ಸುಣ್ಣ ಇನ್ನೂ ಪೂರ್ತಿ ಒಣಗಿರಲಿಲ್ಲ. ಗೋಡೆಗೆ ಒರಗಿ ಕೂತ ಹೆಂಗಸರ ಬೆನ್ನೆಲ್ಲ ಬೆಳ್ಳಗಾಗಿತ್ತು. ಆ ದಿನದ ಬೇರೆ ಸಂಗತಿಗಳು ನನಗೆ ಅಷ್ಟು ಸ್ಪಷ್ಟವಾಗಿ ನೆನಪಿಲ್ಲ. ಆ ಬಿಳಿಯ ಬೆನ್ನುಗಳು ನೆನಪಿವೆ.

ತಿಥಿ ಮುಗಿದು ನೆಂಟರೆಲ್ಲ ಹೊರಟ ಮೇಲೂ ಅವ್ವನ ತಮ್ಮ, ನಮ್ಮ ಸೋದರಮಾವ, ಎರಡು ದಿನ ಉಳಿದುಕೊಂಡ. ಅವನಿಗೆ ಬಸರಾಳಿನಲ್ಲಿ ಪಂಪ್‌ಸೆಟ್ ಮೋಟರ್ ರಿಪೇರಿ ಮಾಡುವ ಅಂಗಡಿ ಇತ್ತು, ಕರೆಂಟಿನ ಕೆಲಸವೆಲ್ಲ ಬರುತ್ತಿತ್ತು. ಅಕ್ಕ ಕೋಲು ಎತ್ತಿ ದೀಪ ಹಚ್ಚುವುದನ್ನು ನೋಡಿ ಅವನಿಗೆ ತಡೆಯಲಾಗಲಿಲ್ಲ. "ಅಕ್ಕಾ, ಭಾವ ಗೆರೆ ಬ್ಯಾರೆ ಎಳ್ದವ್ರೆ. ಮೈನ್ ಆಫ್ ಮಾಡ್ತೀನಿ, ಒಂದು ಗಳಿಗೆ ಕೆಲ್ಸ" ಎಂದು ಸ್ಕ್ರೂಡ್ರೈವರು ತೆಗೆದ. ಅವ್ವ ಮುದ್ದೆ ತಿರುವುತ್ತ ಕೂತಿದ್ದಳು. ಮಾವ ಮೈನ್ ಆಫ್ ಮಾಡಿ, ನನ್ನ ಕೈಗೆ ಟಾರ್ಚು ಕೊಟ್ಟು, ಸ್ಟೂಲು ಹತ್ತಿ ಸ್ವಿಚ್ಚು ಆರಿಸಿ ಸ್ಕ್ರೂ ಬಿಚ್ಚಿದ. ಬೋರ್ಡು ಗೋಡೆಯಿಂದ ಈಚೆ ಬಂದು ವೈರಿನಲ್ಲಿ ನೇತಾಡಿತು. ಅದರ ಹಿಂದೆ ಅಪ್ಪ ಮೊದಲು ಮಾಡಿದ್ದ ಗುರುತು, ಬೆರಳು ಮುಟ್ಟಿದ ಕಡೆ ಹಾಕಿದ್ದ ಪೆನ್ಸಿಲಿನ ಚುಕ್ಕೆ, ಹಾಗೇ ಇತ್ತು. ಅವ್ವ ಎದ್ದು ಬಂದಳು. ಕೈಯಲ್ಲಿ ಕೋಲು, ಕೋಲಿನ ತುದಿಯಲ್ಲಿ ಬಿಸಿ ಹಿಟ್ಟು. ಆ ಚುಕ್ಕೆಯನ್ನು ತಲೆ ಎತ್ತಿ ನೋಡುತ್ತ ಬಹಳ ಹೊತ್ತು ನಿಂತಳು.

"ಮುಚ್ಬುಡು" ಎಂದಳು.

"ಯಾಕಕ್ಕ? ನೀನೇ ತಾನೆ ಇಳಿಸ್ಬೇಕು ಅಂತ ಬಡ್ಕೊತಿದ್ದೆ?"

"ಇಳಿಸ್ತೀನಿ ಅಂದೋರು ಇಳಿಸ್ಬೇಕಾಗಿತ್ತು. ನೀ ಅದು ಇದ್ದ ತಾವೇ ಕೂರಿಸು ಕಣ್ಲಾ. ನಂಗೆ ಕೋಲು ಅದೆ."

ಮಾವ ಬೋರ್ಡನ್ನು ಮೊದಲಿದ್ದ ಕಡೆಯೇ ಕೂರಿಸಿ, ಮೈನ್ ಹಾಕಿ ಬಂದ. ಅವ್ವ ಕೋಲು ಎತ್ತಿದಳು. ಟಕ್. ದೀಪ ಹತ್ತಿತು. ಅವಳು ಕೋಲನ್ನು ತಕ್ಷಣ ಕೆಳಗಿಳಿಸಲಿಲ್ಲ. ಆ ರಾತ್ರಿಯ ಮುದ್ದೆಯಲ್ಲಿ ಗಂಟುಗಳಿದ್ದವು. ಅವ್ವ ಮಾಡಿದ ಮುದ್ದೆಯಲ್ಲಿ ನಾನು ಗಂಟು ಕಂಡದ್ದು ಅದೊಂದೇ ಸಲ. ಎಲ್ಲರೂ ಗಂಟು ಸಮೇತ ನುಂಗಿದೆವು.

ಅಪ್ಪ ಅರ್ಧ ಮಾಡಿ ಬಿಟ್ಟ ಮನೆಯನ್ನು ಅವ್ವ ನಿಧಾನವಾಗಿ ಪೂರ್ತಿ ಮಾಡಿದಳು. ಅಟ್ಟಕ್ಕೆ ಏಣಿ ಬಂತು, ಅಡುಗೆಮನೆಗೆ ಇನ್ನೊಂದು ಕಿಟಕಿ ಬಂತು, ನೆಲಕ್ಕೆ ಕೆಂಪು ಗಾರೆ ಬಂತು. ವರ್ಷಾವರ್ಷ ಸುಣ್ಣ ಹೊಡೆಯುವವರು ಬಂದಾಗ ಆ ಗೆರೆ ಇದ್ದ ಕಡೆ ಮಾತ್ರ ಅವರನ್ನು ಬಿಡದೆ, ತಾನೇ ಕುಂಚ ಹಿಡಿದು ಗೆರೆಗೆ ತಾಗದಂತೆ ಸುತ್ತ ಬಳಿಯುತ್ತಿದ್ದಳು. ಬೆಳ್ಳಗಿನ ಗೋಡೆಯ ನಡುವೆ ಒಂದು ಪಟ್ಟಿ ಮಾತ್ರ ಮಾಸಿಕೊಂಡು ಉಳಿಯಿತು. ಮೇಲೆ, ಬೋರ್ಡಿನ ಕೆಳಗೆ, ರಾಗಿಯ ಕಲೆ ಪ್ರತಿ ಹಬ್ಬಕ್ಕೂ ಮರೆಯಾಗಿ ವಾರದೊಳಗೆ ಮತ್ತೆ ಕಾಣಿಸಿಕೊಳ್ಳುತ್ತಿತ್ತು. ನಾನು ಅವ್ವನಷ್ಟೇ ಕುಳ್ಳಗೆ ಉಳಿದೆ. ತಮ್ಮ ಮಾತ್ರ ಹೈಸ್ಕೂಲು ಮುಗಿಸುವಷ್ಟರಲ್ಲಿ ಅಪ್ಪನಷ್ಟು ಉದ್ದ ಬೆಳೆದ. ಒಂದು ಸಂಜೆ ಏನೋ ಮಾತಾಡುತ್ತ ಅಡುಗೆಮನೆಗೆ ಬಂದವನು, ಹಿಮ್ಮಡಿ ಎತ್ತದೆ, ಕೈಯೊಂದನ್ನೇ ಚಾಚಿ ಸ್ವಿಚ್ಚು ಹಾಕಿದ. ಅವನಿಗೆ ಅದು ಗೊತ್ತೇ ಆಗಲಿಲ್ಲ. ಕೋಲು ಹಿಡಿದು ಎದ್ದಿದ್ದ ಅವ್ವ ಮತ್ತೆ ಕೂತಳು. "ಉಣ್ಣಾಕೆ ಕೂತ್ಕೊ ಮಗ" ಎಂದಳು, ಅಷ್ಟೇ. ಅವನು ಮನೆಯಲ್ಲಿದ್ದ ಸಂಜೆಗಳಲ್ಲಿ ಅಡುಗೆಮನೆಯ ದೀಪ ಹಾಕಲು ಅವನನ್ನೇ ಕರೆಯುತ್ತಿದ್ದಳು.

ಅವ್ವ ಹೋಗಿ ಎರಡು ವರ್ಷವಾಯಿತು. ಕೊನೆಯವರೆಗೂ ತಮ್ಮನ ಜೊತೆ ಆ ಮನೆಯಲ್ಲೇ ಇದ್ದಳು, ಅವನಿಲ್ಲದ ಸಂಜೆಗಳಲ್ಲಿ ಕೊನೆಯವರೆಗೂ ಕೋಲು ಎತ್ತುತ್ತಿದ್ದಳು. ಅವಳು ಹೋದ ವರ್ಷದ ಮಳೆಗೆ ಹಿಂದಿನ ಗೋಡೆ ಕುಸಿಯಿತು. ತಮ್ಮ ಬೇರೆ ಮನೆ ಮಾಡಿಕೊಂಡ, ಜಾಗ ಕೊಂಡವರು ಉಳಿದದ್ದನ್ನೂ ಕೆಡವಿದರು. ಕೆಡವುವ ದಿನ ನಾನು ಹೋಗಲಿಲ್ಲ. ಮುದ್ದೆಕೋಲನ್ನು ಮಾತ್ರ ಮೊದಲೇ ತಂದುಕೊಂಡಿದ್ದೆ.

ಈಗ ನಾನೂ ನಮ್ಮ ಯಜಮಾನರೂ ಮದ್ದೂರಿನಲ್ಲಿ ಒಂದು ಹಳೆಯ ಮನೆ ಕೊಂಡು ಒಳಗೆಲ್ಲ ಸರಿಮಾಡಿಸಿದ್ದೇವೆ. ಗೋಡೆಗೆ ಸುಣ್ಣವಿಲ್ಲ, ಪುಟ್ಟಿ ಹಾಕಿ ಉಜ್ಜಿ ಬಣ್ಣ ಹೊಡೆದಿದ್ದಾರೆ. ಅದಕ್ಕೆ ವಾಸನೆಯೂ ಬೇರೆ. ವೈರಿಂಗ್ ಮಾಡಲು ಬಂದವರು ಅಡುಗೆಮನೆಯಲ್ಲಿ ನಿಂತು, "ಅಕ್ಕಾ, ಬೋರ್ಡು ಎಷ್ಟೆತ್ರಕ್ಕೆ ಕೂರಿಸ್ಲಿ?" ಎಂದು ಕೇಳಿದರು. ನನ್ನ ಕೈ ತಾನಾಗಿ ಮೇಲೆ ಹೋಯಿತು, ಆಮೇಲೆ ಇಳಿಯಿತು. "ಒಸಿ ಗ್ವಾಡೆ ತಾವ ನಿಂತ್ಕೊಳಿ" ಎಂದು ಅವರೇ ನನ್ನ ಹೆಗಲ ಮಟ್ಟಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆದರು. ಅದೇ ದಿನ ಸಂಜೆಯೊಳಗೆ ಗೆರೆಯ ಮೇಲೆ ಬೋರ್ಡು ಕೂತು, ಗೆರೆ ಕಾಣದಾಯಿತು.

ಸ್ವಿಚ್ಚುಗಳೆಲ್ಲ ಕೈಗೆ ಎಟಕುತ್ತವೆ. ಬೆರಳು ತಾಗಿದರೆ ಸಾಕು, ಸದ್ದೂ ಆಗುವುದಿಲ್ಲ. ಅವ್ವನ ಕೋಲು ಒಲೆಯ ಪಕ್ಕದಲ್ಲಿದೆ, ಅದಕ್ಕೆ ಮುದ್ದೆ ತಿರುವುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ಸಂಜೆ ದೀಪ ಹಾಕಿದ ಮೇಲೆ ಕೆಲವೊಮ್ಮೆ ತಲೆ ಎತ್ತಿ ನೋಡುತ್ತೇನೆ. ಅಪ್ಪನ ಕೈ ಎಟಕುತ್ತಿದ್ದ ಎತ್ತರದಲ್ಲಿ ನಮ್ಮ ಗೋಡೆಯ ಮೇಲೆ ಏನೂ ಇಲ್ಲ.